ಒಂದೇ ಸರಿಗಮ ಎಷ್ಟು ಸಲ? ಅಭ್ಯಾಸ ಅಂದರೇನೆಂದು ಮಗುವಿಗೆ ಹೇಳುವ ಬಗೆ

ಜೂನ್‌ನಲ್ಲಿ ಶಾಲೆ ಶುರುವಾದರೆ ಅದರ ಬೆನ್ನಿಗೇ ಕ್ಲಾಸುಗಳೂ ಶುರುವಾಗುತ್ತವೆ. ಸಂಗೀತ, ಭರತನಾಟ್ಯ, ಕರಾಟೆ, ಚೆಸ್, ಈಜು. ನಮ್ಮ ಅಕ್ಕನ ಮಗಳಿಗೆ ಆರು ವರ್ಷ. ಅವಳನ್ನು ಸಂಗೀತಕ್ಕೆ ಸೇರಿಸಿ ಮೂರು ವಾರ ಆಗಿತ್ತು. ಒಂದು ಸಂಜೆ ಚಾಪೆ ಸುತ್ತಿ ಮೂಲೆಗೆ ಒರಗಿಸಿ ಬಂದವಳೇ ಕೇಳಿದಳು: "ಚಿಕ್ಕಿ, ದಿನಾ ಸರಿಗಮ, ಸರಿಗಮ. ಹಾಡು ಯಾವಾಗ? ಒಂದನ್ನೇ ಎಷ್ಟು ಸಲ ಹೇಳ್ಬೇಕು?"

"ಅಭ್ಯಾಸ ಮಾಡಿದ್ರೆ ತಾನೇ ಬರೋದು?" ಅಂದೆ.

"ಹೇಗೆ ಬರುತ್ತೆ? ಎಲ್ಲಿಂದ ಬರುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಡ್ತಾ ಹಾಡ್ತಾ ರಾಗ ಅನ್ನಬಹುದಿತ್ತು. ಆದರೆ ಗಾದೆ ಕೇಳಿ ತಲೆಯಾಡಿಸುವುದು ದೊಡ್ಡವರು. ಮಕ್ಕಳು "ಹೇಗೆ" ಅಂತ ಕೇಳಿದರೆ ಅವರಿಗೆ ನಿಜಕ್ಕೂ ಹೇಗೆ ಎಂದು ತಿಳಿಯಬೇಕಿರುತ್ತದೆ. ಹಾಗಾಗಿ ಒಂದಿಷ್ಟು ಓದಿದೆ. ನನಗೆ ಅರ್ಥವಾದದ್ದನ್ನು, ಐದಾರು ವರ್ಷದ ಮಗುವಿಗೂ ದಾಟಿಸಬಹುದಾದ ಮಾತಿನಲ್ಲಿ ಇಲ್ಲಿ ಬರೆದಿದ್ದೇನೆ.

'ಗೊತ್ತು' ಬೇರೆ, 'ಬರುತ್ತೆ' ಬೇರೆ

ಅರ್ಧ ಉತ್ತರ ನಮ್ಮ ಭಾಷೆಯಲ್ಲೇ ಇದೆ. ಮೈಸೂರು ಎಲ್ಲಿದೆ ಅಂತ "ಗೊತ್ತು" ಅನ್ನುತ್ತೇವೆ. ಈಜು ಮಾತ್ರ "ಬರುತ್ತೆ" ಅನ್ನುತ್ತೇವೆ. ಗೊತ್ತಾಗುವುದಕ್ಕೆ ಒಂದು ಸಲ ಕೇಳಿದರೂ ಸಾಕು. ಬರುವುದಕ್ಕೆ ಸಾಕಾಗುವುದಿಲ್ಲ. ಸೈಕಲ್ ಬೀಳದಂತೆ ಹೊಡೆಯುವುದು ಹೇಗೆ ಎಂದು ಐದು ನಿಮಿಷದಲ್ಲಿ ಹೇಳಿಬಿಡಬಹುದು. ಅದನ್ನು ಪೂರ್ತಿ ಕೇಳಿಸಿಕೊಂಡ ಮಗು ಸೈಕಲ್ ಹತ್ತಿದ ಕೂಡಲೇ ಬೀಳುತ್ತದೆ, ಅಲ್ವಾ?

ಯಾಕೆಂದರೆ ಕೇಳಿದ್ದು ಮಗು. ಕಲಿಯಬೇಕಾದದ್ದು ಕಾಲು, ಕೈ, ಕಣ್ಣು, ಸೊಂಟ, ಇವೆಲ್ಲಕ್ಕೂ ಹೊತ್ತಿಗೆ ಸರಿಯಾಗಿ ಸಂದೇಶ ಕಳಿಸುವ ಮೆದುಳು. ಅಡುಗೆ ಮನೆಯಲ್ಲಿ "ಕೈ ಪಳಗಬೇಕು" ಅನ್ನುತ್ತಾರಲ್ಲ, ಅದು ಇದೇ. ದೋಸೆ ಹಿಟ್ಟನ್ನು ಕಾವಲಿಯ ಮೇಲೆ ಎಷ್ಟು ಒತ್ತಿ ತಿರುಗಿಸಬೇಕು ಅನ್ನುವುದನ್ನು ಯಾವ ಅಮ್ಮನೂ ಮಾತಿನಲ್ಲಿ ಹೇಳಿಕೊಡಲಾರಳು. ಅವಳ ಕೈಗೆ ಅದು ಗೊತ್ತು, ಬಾಯಿಗೆ ಗೊತ್ತಿಲ್ಲ.

ಮಗುವಿಗೆ ಹೀಗೆ ಹೇಳಬಹುದು: "ನಿಂಗೆ ಗೊತ್ತಾಗಿದೆ. ನಿನ್ನ ಗಂಟಲಿಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೆ ಕಿವಿ ಇಲ್ಲ. ಮಾಡಿಯೇ ತಿಳ್ಕೋಬೇಕು."

ಖಾಲಿ ಸೈಟಿನ ಕಾಲುದಾರಿ

ಮೆದುಳಿನೊಳಗೆ ಏನಾಗುತ್ತದೆ? ಅಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನರಕೋಶ ಅಂದರೆ ಸಂದೇಶ ಪಡೆದು ಮುಂದಕ್ಕೆ ದಾಟಿಸುವ ಸಣ್ಣ ಜೀವಕೋಶ. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಅದೇ ಕೋಶಗಳು ಅದೇ ಸಾಲಿನಲ್ಲಿ ಮತ್ತೆ ಮತ್ತೆ ಸಂದೇಶ ದಾಟಿಸುತ್ತವೆ. ಹಾಗೆ ಮಾಡುತ್ತಾ ಅವುಗಳ ನಡುವಿನ ಕೊಂಡಿ ಗಟ್ಟಿಯಾಗುತ್ತದೆ.

ನಮ್ಮ ಬೀದಿಯ ಕೊನೆಗೆ ಒಂದು ಖಾಲಿ ಸೈಟು ಇದೆ. ತುಂಬ ಹುಲ್ಲು, ಪಾರ್ಥೇನಿಯಂ ಗಿಡ. ಯಾರೋ ಒಬ್ಬರು ಬಸ್ ಸ್ಟಾಪಿಗೆ ಹತ್ತಿರವಾಗಲಿ ಎಂದು ಅದರ ನಡುವೆ ನಡೆದುಹೋದರು. ಅವತ್ತು ದಾರಿ ಏನೂ ಕಾಣಲಿಲ್ಲ. ಮರುದಿನ ಮತ್ತೆ ನಡೆದರು, ಹುಲ್ಲು ಸ್ವಲ್ಪ ಬಾಗಿತು. ತಿಂಗಳು ಕಳೆಯುವಷ್ಟರಲ್ಲಿ ಮಣ್ಣು ಕಾಣುವ ಕಾಲುದಾರಿ ಆಯಿತು. ಈಗ ಕತ್ತಲಲ್ಲೂ ಹೋಗಬಹುದು. ನಾನು ಅವಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸಿದೆ. ಚಿತ್ರ ಬರೆದು ಹೇಳುವುದಕ್ಕಿಂತ ಇದು ಬೇಗ ತಲೆಗೆ ಹತ್ತಿತು.

ಈ ಹೋಲಿಕೆಗೆ ಇನ್ನೆರಡು ಗುಣಗಳಿವೆ. ಮಳೆಗಾಲದಲ್ಲಿ ಯಾರೂ ನಡೆಯದೆ ಇದ್ದರೆ ದಾರಿಯ ಮೇಲೆ ಮತ್ತೆ ಹುಲ್ಲು ಬರುತ್ತದೆ. ಬಿಟ್ಟದ್ದು ಮರೆಯುವುದು ಹೀಗೇ. ಹಾಗಂತ ಹಳೆಯ ದಾರಿಯನ್ನು ಮತ್ತೆ ಮಾಡಲು ಹೊಸದರಷ್ಟು ಕಷ್ಟವಿಲ್ಲ. ಇನ್ನೊಂದು: ದಾರಿ ಸರಿಯೋ ತಪ್ಪೋ ಹುಲ್ಲಿಗೆ ಗೊತ್ತಿಲ್ಲ. ತಪ್ಪು ಕಡೆ ನಡೆದರೆ ಅಲ್ಲೂ ದಾರಿಯಾಗುತ್ತದೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಆರು ತಿಂಗಳು ಬರೆದ ಮಗುವಿನ ಹಿಡಿತ ಬದಲಿಸಲು ಒದ್ದಾಡಿದವರಿಗೆ ಇದು ಚೆನ್ನಾಗಿ ಗೊತ್ತು.

ಕಾಲುದಾರಿಯ ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತದೆ. ಹೆಚ್ಚು ಬಳಕೆಯಾಗುವ ನರದ ಎಳೆಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬೆಳೆಯುತ್ತದೆ. ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಸುತ್ತಿರುತ್ತದಲ್ಲ, ಸುಮಾರು ಹಾಗೆ. ಹೊದಿಕೆ ಇಲ್ಲದ ಎಳೆಯಲ್ಲಿ ಸಂದೇಶ ಸೆಕೆಂಡಿಗೆ ಸುಮಾರು ಒಂದು ಮೀಟರ್ ಹೋಗುತ್ತದೆ, ಅಂದರೆ ನಾವು ನಡೆಯುವ ವೇಗ. ದಪ್ಪ ಹೊದಿಕೆಯ ಎಳೆಯಲ್ಲಿ 100 ಮೀಟರ್ ದಾಟಬಹುದು. 2014ರಲ್ಲಿ ಲಂಡನ್ನಿನ ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಅಲ್ಲಲ್ಲಿ ಕಂಬಿ ತಪ್ಪಿಸಿದ ತಿರುಗುವ ಚಕ್ರದ ಮೇಲೆ ಓಡಲು ಇಲಿಗಳು ಕಲಿಯಬೇಕಿತ್ತು. ಹೊಸ ಮಯಲಿನ್ ಹುಟ್ಟದಂತೆ ತಡೆದಾಗ ಆ ಇಲಿಗಳು ಇತರ ಇಲಿಗಳಷ್ಟು ಚೆನ್ನಾಗಿ ಕಲಿಯಲಿಲ್ಲ.

ಮನುಷ್ಯರಲ್ಲೂ ಇಂಥ ಬದಲಾವಣೆ ಕಂಡಿದೆ. 2004ರಲ್ಲಿ ಜರ್ಮನಿಯಲ್ಲಿ ಕೆಲವರು ಮೂರು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವ ಆಟವನ್ನು ಮೂರು ತಿಂಗಳು ಕಲಿತರು. ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಚಲಿಸುವ ವಸ್ತುಗಳನ್ನು ಗುರುತಿಸುವ ಭಾಗ ಸ್ವಲ್ಪ ಹಿಗ್ಗಿತ್ತು. ಆಟ ಬಿಟ್ಟು ಮತ್ತೆ ಮೂರು ತಿಂಗಳಾದ ಮೇಲೆ ನೋಡಿದರೆ ಆ ಹಿಗ್ಗು ಇಳಿದಿತ್ತು. ಹುಲ್ಲು ಮತ್ತೆ ಬಂದಿತ್ತು, ಅಷ್ಟೇ.

ನೀನು ಆಗಲೇ ಒಂದು ಸಲ ಇದನ್ನು ಮಾಡಿದ್ದೀಯ

ಮಕ್ಕಳಿಗೆ ಹೇಳಲು ದೊಡ್ಡ ಕ್ರಿಕೆಟಿಗರ, ಗಾಯಕರ ಕತೆ ಹುಡುಕಬೇಕಿಲ್ಲ. ಅವರದೇ ಕತೆ ಸಾಕು. ನಡೆಯಲು ಕಲಿತ ಕತೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರನ್ ಅಡಾಲ್ಫ್ ಮತ್ತು ಜೊತೆಗಾರರು ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳನ್ನು ಆಡಲು ಬಿಟ್ಟು, ಸುಮ್ನೆ ಎಣಿಸಿದರು. 2012ರಲ್ಲಿ ಬಂದ ಲೆಕ್ಕ ಹೀಗಿದೆ: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು. ಒಂದೇ ಗಂಟೆಗೆ! ಅದೂ ನೇರ ಸಾಲಿನಲ್ಲಿ ನಡೆದದ್ದಲ್ಲ. ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು, ತಿರುಗುವುದು, ಯಾವುದೋ ಆಟಿಕೆ ಕಡೆ ಓಡುವುದು. ಯಾರೂ "ಈಗ ಅಭ್ಯಾಸದ ಸಮಯ" ಎಂದಿರಲಿಲ್ಲ.

ಈ ಸಂಖ್ಯೆ ಕೇಳಿ ನಮ್ಮ ಹುಡುಗಿ ಬಾಯಿ ಬಿಟ್ಟಳು. "ನಾನೂ ಹದಿನೇಳು ಸಲ ಬಿದ್ದಿದ್ನಾ?" ಅಂತ ಅವಳಮ್ಮನನ್ನು ಕೇಳಿದಳು. ಅಕ್ಕ ಫೋನಿನಲ್ಲಿದ್ದ ಹಳೆಯ ವಿಡಿಯೊ ತೆಗೆದು ತೋರಿಸಿದಳು. ಡೈಪರ್ ಹಾಕಿಕೊಂಡು ಮೂರು ಹೆಜ್ಜೆ, ದೊಪ್ಪನೆ ಕೂರುವುದು, ಮತ್ತೆ ಏಳುವುದು. ಬಿದ್ದಾಗ ಯಾರೂ ಬೈದಿಲ್ಲ ಅನ್ನುವುದನ್ನು ಅವಳೇ ಗಮನಿಸಿದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥ ವಿಡಿಯೊ ಇದ್ದರೆ ಹುಡುಕಿ. ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಪುಟ ತುಂಬಿಸುವುದು ಅಭ್ಯಾಸವಲ್ಲ

ಕಾಪಿ ಪುಸ್ತಕದಲ್ಲಿ 'ಅ' ಒಂದು ಪುಟ ಬರೆಸುತ್ತೇವೆ. ಮೊದಲ ಎರಡು ಸಾಲು ಚೆನ್ನಾಗಿರುತ್ತವೆ. ಆಮೇಲಾಮೇಲೆ ಅಕ್ಷರ ಸೊರಗುತ್ತದೆ. ಕೊನೆಯ ಸಾಲಿನಲ್ಲಿ ಅದು 'ಅ' ಎಂದು ನಂಬುವುದೇ ಕಷ್ಟ. ಯಾಕೆ? ಮಗು ಮೇಲೆ ಅಚ್ಚಾದ ಮಾದರಿ ಅಕ್ಷರ ನೋಡುವುದನ್ನು ಬಿಟ್ಟು, ತಾನೇ ಬರೆದ ಹಿಂದಿನ ಸಾಲನ್ನು ನೋಡಿ ಬರೆಯಲು ಶುರು ಮಾಡಿರುತ್ತದೆ. ಒಂದು ಸಾಲಿನ ತಪ್ಪು ಮುಂದಿನ ಸಾಲಿಗೆ ಮಾದರಿಯಾಗುತ್ತದೆ.

ಎಷ್ಟು ಸಲ ಮಾಡಿದೆ ಅನ್ನುವುದಕ್ಕಿಂತ, ಪ್ರತಿ ಸಲ ಏನನ್ನು ಸರಿ ಮಾಡಲು ಹೊರಟೆ ಅನ್ನುವುದು ಮುಖ್ಯ. ನಾವು ದೊಡ್ಡವರು ಎಷ್ಟು ವರ್ಷದಿಂದ ಬರೆಯುತ್ತಿದ್ದೇವೆ? ನಮ್ಮ ಅಕ್ಷರ ಚೆಂದ ಆಗಿದೆಯಾ? ಇಲ್ಲ. ಕೆಲಸ ನಡೆಯುವಷ್ಟು ಆದಮೇಲೆ ನಾವು ತಿದ್ದುವುದನ್ನು ನಿಲ್ಲಿಸಿದೆವು. ಅಕ್ಷರವೂ ಅಲ್ಲೇ ನಿಂತಿತು.

ಆಂಡರ್ಸ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಬಗ್ಗೆ 1993ರಲ್ಲಿ ಅವರು ಮತ್ತು ಜೊತೆಗಾರರು ಬರೆದ ಲೇಖನವೇ "ಹತ್ತು ಸಾವಿರ ಗಂಟೆ" ಎಂಬ ಮಾತಿನ ಮೂಲ. ಅಲ್ಲಿ ಇದ್ದದ್ದು ಇಷ್ಟು: ಅತ್ಯುತ್ತಮ ವಿದ್ಯಾರ್ಥಿಗಳು 20 ವರ್ಷದ ಹೊತ್ತಿಗೆ ಒಂಟಿಯಾಗಿ ಮಾಡಿದ ಅಭ್ಯಾಸ ಸರಾಸರಿ 10,000 ಗಂಟೆಯ ಹತ್ತಿರವಿತ್ತು. ಅದು ಸರಾಸರಿ. ಯಾರು ಬೇಕಾದರೂ ಅಷ್ಟು ಗಂಟೆ ತುಂಬಿಸಿದರೆ ಪಂಡಿತರಾಗುತ್ತಾರೆ ಎಂದು ಎರಿಕ್ಸನ್ ಹೇಳಲಿಲ್ಲ. ಗಂಟೆಗಿಂತ ಗಂಟೆಯೊಳಗೆ ಏನು ನಡೆಯಿತು ಎಂಬುದು ಮುಖ್ಯ ಎಂದೇ ಅವರು ವಾದಿಸುತ್ತಿದ್ದರು.

ಆರು ವರ್ಷದ ಮಗುವಿಗೆ ಇದನ್ನು ಆಟವಾಗಿ ಮಾಡಬಹುದು. ಪುಟ ಪೂರ್ತಿ ಬರೆಸುವ ಬದಲು ಒಂದೇ ಸಾಲು ಬರೆಸಿ. "ಇದರಲ್ಲಿ ನಿಂಗೆ ಯಾವುದು ಚೆನ್ನಾಗಿ ಕಾಣುತ್ತೆ? ಅದಕ್ಕೆ ಒಂದು ಸುತ್ತು ಹಾಕು" ಅನ್ನಿ. ಸುತ್ತು ಹಾಕಬೇಕಾದರೆ ನೋಡಲೇಬೇಕು. ನೋಡಲು ಕಲಿತರೆ ತಿದ್ದಲು ಕಲಿತಂತೆ.

ಅಭ್ಯಾಸದಲ್ಲಿ ಸ್ವಲ್ಪ ಬದಲಾವಣೆಯೂ ಇರಲಿ. 1978ರ ಒಂದು ಪ್ರಯೋಗದಲ್ಲಿ ಎಂಟು ವರ್ಷದ ಮಕ್ಕಳಿಗೆ ಕಾಳು ತುಂಬಿದ ಪುಟ್ಟ ಚೀಲವನ್ನು ಗುರಿಯ ಮೇಲೆ ಎಸೆಯಲು ಹೇಳಿದರು. ಒಂದು ಗುಂಪು ಯಾವಾಗಲೂ 3 ಅಡಿ ದೂರದಿಂದ ಎಸೆಯಿತು. ಇನ್ನೊಂದು ಗುಂಪು 2 ಅಡಿ ಮತ್ತು 4 ಅಡಿಯಿಂದ ಮಾತ್ರ. 12 ವಾರ ಆದಮೇಲೆ ಎಲ್ಲರಿಗೂ 3 ಅಡಿಯಿಂದ ಪರೀಕ್ಷೆ. ಗೆದ್ದದ್ದು ಎರಡನೇ ಗುಂಪು! ಒಂದೇ ದೂರಕ್ಕೆ ಒಗ್ಗಿಕೊಂಡ ಕೈಗಿಂತ, ದೂರ ನೋಡಿ ಬಲ ಬದಲಿಸಲು ಕಲಿತ ಕೈ ಹೆಚ್ಚು ಜಾಣ ಆಗಿತ್ತು.

ಭಾನುವಾರ ಒಂದೇ ಸಲ ನೀರು ಹಾಕಿದರೆ?

ತುಳಸಿ ಗಿಡಕ್ಕೆ ವಾರದ ನೀರನ್ನೆಲ್ಲ ಭಾನುವಾರ ಬೆಳಿಗ್ಗೆ ಒಂದೇ ಸಲ ಸುರಿದರೆ ಏನಾಗುತ್ತದೆ ಎಂದು ಯಾವ ಮಗುವನ್ನಾದರೂ ಕೇಳಿ, ಅದು ಹೇಳುತ್ತದೆ. ಅಭ್ಯಾಸವೂ ಹಾಗೇ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗಳ ಗುಂಪುಗಳನ್ನು ಬಾಯಿಪಾಠ ಮಾಡಿ, 1885ರಲ್ಲೇ ಇದನ್ನು ಬರೆದಿಟ್ಟರು. ಒಂದೇ ದಿನ ರಾಶಿ ಹಾಕುವುದಕ್ಕಿಂತ ದಿನಗಳ ಮೇಲೆ ಹಂಚಿದ ಓದು ಹೆಚ್ಚು ನಿಲ್ಲುತ್ತದೆ. ನಡುವಿನ ನಿದ್ದೆಗೂ ಇದರಲ್ಲಿ ಪಾಲಿದೆ. ಹಗಲು ಕಲಿತದ್ದನ್ನು ಮೆದುಳು ರಾತ್ರಿ ಗಟ್ಟಿ ಮಾಡಿಕೊಳ್ಳುತ್ತದೆ.

ಚಿಕ್ಕ ಮಕ್ಕಳಿಗೆ ದಿನಕ್ಕೆ ಹತ್ತು ನಿಮಿಷ ಎಂದು ನಾವು ಇಟ್ಟುಕೊಂಡೆವು. ಮಗ್ಗಿ ಹೇಳುವುದಕ್ಕೂ ಅಷ್ಟೇ. ಆಕಳಿಕೆ ಬಂದ ಮೇಲೆ ಕೂರಿಸಿದರೆ ಪ್ರಯೋಜನ ಕಡಿಮೆ, ಜಗಳ ಜಾಸ್ತಿ.

ಏನೂ ಆಗುತ್ತಿಲ್ಲ ಅನ್ನಿಸುವ ದಿನಗಳು

ಅಭ್ಯಾಸದ ಫಲ ದಿನಾ ಒಂದೇ ಅಳತೆಯಲ್ಲಿ ಕಾಣುವುದಿಲ್ಲ. ಮೊದಮೊದಲು ಬೇಗ ಮೇಲೇರುತ್ತದೆ, ಆಮೇಲೆ ನಿಧಾನ. ಕೆಲವೊಮ್ಮೆ ವಾರಗಟ್ಟಲೆ ನಿಂತಲ್ಲೇ ನಿಂತಂತೆ ಇರುತ್ತದೆ. 1897ರಲ್ಲಿ ಅಮೆರಿಕದಲ್ಲಿ ಟೆಲಿಗ್ರಾಫ್ ಕಲಿಯುವವರನ್ನು ಗಮನಿಸಿದ ಬ್ರಯಾನ್ ಮತ್ತು ಹಾರ್ಟರ್ ಎಂಬ ಸಂಶೋಧಕರು ಇಂಥ ಸಮತಟ್ಟಾದ ಹಂತವನ್ನು ಗುರುತಿಸಿದರು. ಬಿಡಿ ಅಕ್ಷರ ಕೇಳಿ ಬರೆದುಕೊಳ್ಳುತ್ತಿದ್ದವರು ಒಂದು ಹಂತದಲ್ಲಿ ಇಡೀ ಪದವನ್ನೇ ಒಟ್ಟಿಗೆ ಕೇಳಲು ಶುರು ಮಾಡುತ್ತಿದ್ದರು, ಆಗ ವೇಗ ಮತ್ತೆ ಏರುತ್ತಿತ್ತು.

ಎಲ್ಲ ಕಲಿಕೆಯಲ್ಲೂ ಇದು ಹೀಗೇ ಆಗುತ್ತದೆ ಎಂದಲ್ಲ. ಆದರೆ ಕನ್ನಡ ಓದಲು ಕಲಿಯುವ ಮಗುವಿನ ಪಕ್ಕ ಕೂತವರು ಇಂಥದ್ದನ್ನು ನೋಡಿರುತ್ತಾರೆ. ತಿಂಗಳುಗಟ್ಟಲೆ "ಕ... ಮ... ಲ..." ಎಂದು ಬೆರಳಿಟ್ಟು ಓದುತ್ತಿದ್ದ ಮಗು, ಒಂದು ದಿನ ಬಸ್ಸಿನ ಬೋರ್ಡು ನೋಡಿ ಊರಿನ ಹೆಸರನ್ನು ಒಂದೇ ಉಸಿರಿಗೆ ಹೇಳಿಬಿಡುತ್ತದೆ. ಅಲ್ಲಿಯವರೆಗೆ ಏನೂ ಆಗಿಲ್ಲ ಎಂದುಕೊಂಡಿದ್ದೆವು. ಒಳಗೆ ಆಗುತ್ತಿತ್ತು.

ಹಾಗಾದರೆ ಸರಿಗಮ ಯಾಕೆ?

ಮೊದಲ ಪ್ರಶ್ನೆಗೆ ಬರೋಣ. ಕರ್ನಾಟಕ ಸಂಗೀತದ ಮೊದಲ ಪಾಠಗಳ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ಮಾತು. ಮೊದಲು ಸರಳೆ ವರಸೆ, ಆಮೇಲೆ ಜಂಟಿ ವರಸೆ, ದಾಟು ವರಸೆ, ಅಲಂಕಾರ, ಗೀತೆ. ಅಭ್ಯಾಸ ಹೇಗಿರಬೇಕು ಎಂದು ಇಷ್ಟು ಹೊತ್ತು ಹೇಳಿದ್ದೆಲ್ಲ ಈ ಕ್ರಮದೊಳಗೆ ಆಗಲೇ ಇದೆ. ಅದನ್ನು ಬಿಡಿಸಿ ನೋಡಿದಾಗ ನನಗೇ ಆಶ್ಚರ್ಯವಾಯಿತು.

ಸರಳೆ ವರಸೆಯಲ್ಲಿ ಸ್ವರಗಳು ಮೆಟ್ಟಿಲಿನಂತೆ ಒಂದೊಂದೇ ಏರುತ್ತವೆ, ಇಳಿಯುತ್ತವೆ. ಆದರೆ ಪ್ರತಿ ಸಾಲೂ ಒಂದೇ ಥರ ಅಲ್ಲ. ಒಂದರಲ್ಲಿ "ಸರಿ ಸರಿ ಸರಿಗಮ", ಇನ್ನೊಂದರಲ್ಲಿ "ಸರಿಗ ಸರಿಗ ಸರಿ". ಆ ಕಾಳಿನ ಚೀಲ ಎಸೆದಂತೆ, ಗುರಿ ಅದೇ, ದೂರ ಬೇರೆ. ಜಂಟಿಯಲ್ಲಿ ಪ್ರತಿ ಸ್ವರವನ್ನೂ ಎರಡೆರಡು ಸಲ ಒತ್ತಿ ಹೇಳಬೇಕು. ದಾಟಿನಲ್ಲಿ ಹೆಸರೇ ಹೇಳುವಂತೆ ಸ್ವರಗಳನ್ನು ಹಾರಿ ದಾಟಬೇಕು. ಇನ್ನು ಮೂರು ಕಾಲ, ಅಂದರೆ ಮೂರು ವೇಗ. ಒಂದನೇ ಕಾಲದಲ್ಲಿ ತಾಳದ ಒಂದು ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೊದಲು ನಿಧಾನವಾಗಿ ಸರಿ ಮಾಡಿಕೋ, ಆಮೇಲೆ ವೇಗ.

ಇದನ್ನೆಲ್ಲ ಕಲಿಸುವ ರಾಗ ಮಾಯಾಮಾಳವಗೌಳ, 15ನೇ ಮೇಳಕರ್ತ (ಮೇಳಕರ್ತ ಅಂದರೆ ಬೇರೆ ರಾಗಗಳು ಹುಟ್ಟುವ ಮೂಲ ರಾಗ). ಇದರಲ್ಲಿ ಸ ಮತ್ತು ರಿ ಹತ್ತಿರ, ರಿ ಮತ್ತು ಗ ದೂರ, ಗ ಮತ್ತು ಮ ಹತ್ತಿರ. ಮೇಲಿನ ಅರ್ಧದಲ್ಲೂ ಅದೇ ನಕ್ಷೆ: ಪ-ದ ಹತ್ತಿರ, ದ-ನಿ ದೂರ, ನಿ-ಸ ಹತ್ತಿರ. ಕೆಳಗಿನ ಅರ್ಧ ಗಂಟಲಿಗೆ ಬಂದರೆ ಮೇಲಿನ ಅರ್ಧಕ್ಕೆ ಹೊಸ ಅಳತೆ ಬೇಡ.

ಅವಳು ಕಾಯುತ್ತಿದ್ದ ಹಾಡು? ಮೊದಲು ಕಲಿಸುವ ಪಿಳ್ಳಾರಿ ಗೀತೆಗಳು ಮಲಹರಿ ರಾಗದಲ್ಲಿವೆ. ಮಲಹರಿ ಹುಟ್ಟುವುದು ಮಾಯಾಮಾಳವಗೌಳದಿಂದಲೇ. 'ನಿ' ಒಂದನ್ನು ಬಿಟ್ಟರೆ ಸ್ವರಗಳೆಲ್ಲ ಅವೇ. ಅಂದರೆ ಸರಿಗಮ ಹೇಳುತ್ತಿದ್ದಾಗಲೇ ಅವಳ ಗಂಟಲು ಆ ಹಾಡಿನ ದಾರಿ ಸವೆಸುತ್ತಿತ್ತು. "ಹಾಡು ಎಲ್ಲಿಂದ ಬರುತ್ತೆ?" ಅನ್ನುವುದಕ್ಕೆ ಉತ್ತರ ಅವಳ ಚಾಪೆಯ ಮೇಲೇ ಇತ್ತು.

"ಅವಳಿಗೆ ಬೇಗ ಬಂತು, ನಂಗ್ಯಾಕೆ ಇಲ್ಲ?"

ಇದು ಕಷ್ಟದ ಪ್ರಶ್ನೆ. ಸುಳ್ಳು ಹೇಳಬಾರದು. ಎಲ್ಲರಿಗೂ ಒಂದೇ ವೇಗದಲ್ಲಿ ಬರುವುದಿಲ್ಲ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ, ಜನರ ನಡುವಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಗುರಿಯಿಟ್ಟು ಮಾಡಿದ ಅಭ್ಯಾಸದ ಪಾಲು ಸಂಗೀತದಲ್ಲಿ ಸುಮಾರು ಶೇ. 21, ಆಟೋಟಗಳಲ್ಲಿ ಶೇ. 18 ಎಂದು ಕಂಡಿತು. ಉಳಿದದ್ದರಲ್ಲಿ ಮೈಕಟ್ಟು, ಶುರು ಮಾಡಿದ ವಯಸ್ಸು, ಹುಟ್ಟಿನಿಂದ ಬಂದದ್ದು, ಹೀಗೆ ಏನೇನೋ ಇರಬಹುದು. ಅಭ್ಯಾಸ ಮಾಡಿದರೆ ಪಕ್ಕದ ಮನೆಯವಳಿಗಿಂತ ಮುಂದೆ ಹೋಗುತ್ತೀಯ ಎಂದು ಮಾತು ಕೊಡಲಾಗದು. ನಿನ್ನೆಯ ನಿನಗಿಂತ ಮುಂದೆ ಹೋಗುತ್ತೀಯ ಎಂದು ಧೈರ್ಯವಾಗಿ ಹೇಳಬಹುದು.

ಹೊಗಳುವುದರ ಬಗ್ಗೆಯೂ ಒಂದು ಮಾತು. 1998ರಲ್ಲಿ ಕ್ಲೌಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟು ನೋಡಿದರು. "ನೀನು ಜಾಣ" ಎಂದು ಹೊಗಳಿಸಿಕೊಂಡ ಮಕ್ಕಳು ಆಮೇಲೆ ಸುಲಭದ್ದನ್ನೇ ಆರಿಸಿಕೊಳ್ಳುವುದು ಹೆಚ್ಚಿತ್ತು, ಸೋತಾಗ ಬೇಗ ಕುಗ್ಗಿದರು. "ಕಷ್ಟಪಟ್ಟು ಮಾಡಿದೆ" ಎಂದು ಕೇಳಿದ ಮಕ್ಕಳು ಕಷ್ಟದ್ದನ್ನು ಕೇಳಿ ಪಡೆದರು. ಇದೇ ಜಾಡಿನಲ್ಲಿ ಆಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಪರಿಣಾಮ ಚಿಕ್ಕದಾಗಿ ಕಂಡಿದೆ. ಹಾಗಾಗಿ ಇದನ್ನು ಮಂತ್ರದಂಡ ಮಾಡಿಕೊಳ್ಳುವುದು ಬೇಡ. ನಾನು ಮಾಡಿಕೊಂಡ ಬದಲಾವಣೆ ಒಂದೇ. ಅವಳು "ನಂಗೆ ಬರಲ್ಲ" ಅಂದಾಗ "ಇನ್ನೂ ಬಂದಿಲ್ಲ" ಎಂದು ತಿದ್ದುತ್ತೇನೆ.

ಮನೆಯಲ್ಲೇ ಮಾಡಿ ನೋಡಬಹುದಾದದ್ದು

ಒಂದು ಹಾಳೆ ತೆಗೆದುಕೊಳ್ಳಿ. ಬಲಗೈಯವರಾದರೆ ಎಡಗೈಯಲ್ಲಿ, ಎಡಗೈಯವರಾದರೆ ಬಲಗೈಯಲ್ಲಿ ನಿಮ್ಮ ಹೆಸರು ಬರೆಯಿರಿ. ಮಗುವಲ್ಲ, ನೀವು. ತಾರೀಕು ಹಾಕಿ ಎತ್ತಿಡಿ. ದಿನಾ ಒಂದು ಸಾಲು. ತಿದ್ದುವ ಟೀಚರ್ ಮಗು.

ನಾನು "ಚಿಕ್ಕಿ" ಎಂದು ಬರೆಯುತ್ತಿದ್ದೇನೆ. ಮೊದಲ ದಿನದ್ದು ಇರುವೆ ಶಾಯಿಯಲ್ಲಿ ಬಿದ್ದು ಓಡಿದಂತಿತ್ತು. ಎಂಟನೇ ದಿನಕ್ಕೆ 'ಚಿ' ಒಂದು ಆಕಾರಕ್ಕೆ ಬಂತು. ಅವಳು ಎಂಟೂ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ಮಂಡಿಯೂರಿ ಕೂತು, ಕೆಂಪು ಪೆನ್ಸಿಲಿನಿಂದ ಒಂದು 'ಚಿ'ಗೆ ಸುತ್ತು ಹಾಕಿದಳು. 'ಕ್ಕಿ'ಯ ಹತ್ತಿರ ಬಂದು ತುಂಬ ಹೊತ್ತು ನೋಡಿದಳು.

"ಒತ್ತಕ್ಷರ ಇನ್ನೂ ಬಂದಿಲ್ಲ ಚಿಕ್ಕಿ" ಅಂದಳು. "ನಾಳೆ ಎರಡು ಸಾಲು ಬರಿ."